ನೆಲದ ಹಟ ಅಳೆದ ಬುಡ್ನೇಸಾಬ

ಬಲು ಹಿಂದಿನ ಮಾತು ಇದು. ಎಷ್ಟು ಹಿಂದಿನದು ಅಂತ ಕೇಳಬೇಡಿ. ನನಗೆ ಹೇಳಿದವರಿಗೂ ಗೊತ್ತಿರಲಿಲ್ಲ, ಅವರಿಗೆ ಹೇಳಿದವರಿಗೂ ಗೊತ್ತಿರಲಿಲ್ಲ. ಕರೆಂಟು ಊರೂರಿಗೆ ಹೊಸ ಸೊಸೆಯ ಹಾಗೆ ಬರುತ್ತಿದ್ದ ಕಾಲ ಅನ್ನಿ. ಬಂದಳಲ್ಲ ಅಂತ ಖುಷಿ, ಮುಟ್ಟಿ ಮಾತಾಡಿಸಲು ಭಯ. ಅಂಥ ಕಾಲದಲ್ಲಿ ಬಂಡೆಯ ಮೇಲೆ ಒಂದು ಊರಿತ್ತು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಆಚೀಚೆಯ ಎರಡು ಊರಿನವರು, ಇದು ನಡೆದದ್ದು ನಮ್ಮಲ್ಲಿ ಅಂತ ಜಗಳಕ್ಕೆ ನಿಲ್ಲುತ್ತಾರೆ.

ಬಂಡೆಯ ಮೇಲೆ ಅಂದರೆ ಬಂಡೆಯ ಮೇಲೆಯೇ. ಗೇಣು ಮಣ್ಣು, ಅದರ ಕೆಳಗೆ ಕರಿಕಲ್ಲು. ಮದುವೆಯ ಹಂದರಕ್ಕೆ ಗುಂಡಿ ತೋಡಲು ಆಗದೆ ಕಂಬದ ಸುತ್ತ ಕಲ್ಲು ಪೇರಿಸಿ ನಿಲ್ಲಿಸುತ್ತಿದ್ದರಂತೆ. ಕರೆಂಟಿನ ಕಂಬ ನೆಡಲು ಬಂದವರು ಮದ್ದು ಇಟ್ಟು ಬಂಡೆ ಒಡೆದರಂತೆ. ಆ ಸದ್ದಿಗೆ ಎಮ್ಮೆಯೊಂದು ಬೆದರಿ ಓಡಿದ್ದು ಇನ್ನೂ ಬಂದಿಲ್ಲ ಅಂತಾರೆ. ಇರಲಿ.

ಆ ಊರಲ್ಲಿ ಕಳಕಪ್ಪ ಅನ್ನುವವನು ಹಿಟ್ಟಿನ ಗಿರಣಿ ಇಟ್ಟ. ಸುತ್ತಮುತ್ತಲಿಗೆಲ್ಲ ಅದೊಂದೇ ಗಿರಣಿ. ಅಲ್ಲಿಯತನಕ ಹೆಂಗಸರು ಕೋಳಿ ಕೂಗುವ ಮೊದಲೇ ಬೀಸುಕಲ್ಲಿನ ಮುಂದೆ ಕೂರಬೇಕಿತ್ತು. ಗಿರಣಿ ಬಂದದ್ದೇ ಜೋಳದ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಸಾಲಾಗಿ ಬಂದರು. ಬೀಸುಕಲ್ಲುಗಳು ಮೂಲೆ ಸೇರಿದವು. ಕಳಕಪ್ಪನ ಹೆಂಡತಿ ಹಂಪವ್ವ ಬುಟ್ಟಿ ತೂಗುತ್ತಿದ್ದಳು, ಮಗಳು ರೇಣವ್ವ ಹಿಟ್ಟು ತುಂಬುತ್ತಿದ್ದಳು. ಹೊಲವಿಲ್ಲ, ದನವಿಲ್ಲ, ಇದ್ದದ್ದು ಗಿರಣಿಯೊಂದೇ.

ಒಂದು ಮಳೆಗಾಲ ಕಳಕಪ್ಪ ಗಿರಣಿಗೆ ಕಾಳು ಸುರಿಯುತ್ತ ಅದರ ತಗಡಿನ ಬಾಯಿಯನ್ನು ಹಿಡಿದುಕೊಂಡವನು ಬಿಡಲೇ ಇಲ್ಲ. ಬಿಡಿಸುವಷ್ಟರಲ್ಲಿ ಜೀವ ಹೋಗಿತ್ತು.

ಹಂಪವ್ವ ಅಳುವಷ್ಟು ಅತ್ತಳು. ಆಮೇಲೆ ಒಂದು ಮರದ ಮಣೆ ಹಾಕಿಕೊಂಡು ಅದರ ಮೇಲೆ ನಿಂತು ತಾನೇ ಗಿರಣಿ ನಡೆಸಿದಳು. ಮಣೆಯ ಮೇಲೆ ನಿಂತವಳಿಗೆ ಏನೂ ಆಗಲಿಲ್ಲ. ನೆಲದ ಮೇಲೆ ನಿಂತು ಗಿರಣಿ ಮುಟ್ಟಿದವರಿಗೆ ಮಾತ್ರ ಕೈಯೆಲ್ಲ ಜುಮ್ ಅನ್ನುತ್ತಿತ್ತು. ಒಬ್ಬಳಿಗೆ ಬೆರಳ ತುದಿಯಲ್ಲಿ, ಇನ್ನೊಬ್ಬಳಿಗೆ ಮೊಣಕೈತನಕ. ಕಳಕಪ್ಪನೇ ಗಿರಣಿಯೊಳಗೆ ಕೂತಿದ್ದಾನೆ ಅಂತ ಊರು ಮಾತಾಡತೊಡಗಿತು. ಯಾಕೆ ಕೂತಿದ್ದಾನೆ ಅನ್ನುವುದರಲ್ಲಿ ಮಾತ್ರ ಒಮ್ಮತವಿರಲಿಲ್ಲ. ಹೆಂಡತಿಯನ್ನು ಬಿಟ್ಟು ಹೋಗಲಾರದೆ ಅಂತ ಕೆಲವರು. ಬದುಕಿದ್ದಾಗ ಯಾವ ಹೆಂಗಸನ್ನೂ ಕಣ್ಣೆತ್ತಿ ನೋಡದ ಮನುಷ್ಯ ಸತ್ತ ಮೇಲೆ ಹೀಗೆ ಎಲ್ಲರ ಕೈ ಹಿಡಿಯುತ್ತಾನಾ ಅಂತ ಇನ್ನು ಕೆಲವರು. ಅಯ್ಯನವರು ಬಂದು ನಿಂಬೆಹಣ್ಣು ಕಟ್ಟಿದರು. ಕೆಳಗಿನೂರಿನ ದರ್ಗಾದಿಂದ ತಾಯತ ತಂದು ಕಟ್ಟಿದರು. ಗಿರಣಿ ಎರಡನ್ನೂ ಹಾಕಿಕೊಂಡು ಮೊದಲಿನ ಹಾಗೇ ಜುಮ್ ಅನ್ನಿಸುತ್ತಿತ್ತು.

ಹಾಗಿರುವಾಗ ಒಂದು ದಿನ ಊರ ಗೌಡರಾದ ದೊಡ್ಡನಗೌಡರ ಸೊಸೆ ಗಿರಣಿ ಮುಟ್ಟಿದಳು. ಮುಟ್ಟಿದವಳು ಹಿಂದಕ್ಕೆ ಹಾರಿ ಬಿದ್ದಳು. ಎರಡು ಜೀವದ ಹೆಣ್ಣುಮಗಳು. ತಾಯಿಗೂ ಹೊಟ್ಟೆಯಲ್ಲಿದ್ದುದಕ್ಕೂ ಏನೂ ಆಗಲಿಲ್ಲ, ಅದೊಂದು ಪುಣ್ಯ. ಆದರೆ ಸಂಜೆಯೊಳಗೆ ಊರು ಕಟ್ಟೆಗೆ ಸೇರಿತು. ಹಂಪವ್ವನನ್ನು ಕರೆಸಿದರು.

ಗೌಡರು ಕೂಗಾಡಲಿಲ್ಲ ಅಂತಾರೆ. ಕೂಗಾಡಿದ್ದರೆ ಚೆನ್ನಾಗಿತ್ತು, ತಿರುಗಿ ಮಾತಾಡಬಹುದಿತ್ತು ಅಂತ ಹಂಪವ್ವ ಆಮೇಲೆ ಹೇಳುತ್ತಿದ್ದಳಂತೆ.

“ಹಂಪವ್ವ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ಬೇ. ಆದ್ರ ಸತ್ತಾವನ ಕೈಯಾಗ ಊರ ಹೆಣ್ಣುಮಕ್ಕಳ ಕೈ ಕೊಡಾಕ ಆಗೂದಿಲ್ಲ. ಅಮಾಸಿತನಕ ನೋಡ್ತೀವಿ. ಗಿರಣಿ ಸುಮ್ಮನಾಗಲಿಲ್ಲಂದ್ರ ಬಾಗಿಲಿಗೆ ಕೀಲಿ.”

ಅಮಾವಾಸ್ಯೆ ದೂರವಿರಲಿಲ್ಲ. ಗಿರಣಿಗೆ ಕೀಲಿ ಬಿದ್ದರೆ ತಾಯಿ ಮಗಳಿಗೆ ಉಳಿಯುವುದು ಕಂಡವರ ಹೊಲದ ಕೂಲಿ. ಬಂಡೆಯ ಮೇಲಿನ ಊರಲ್ಲಿ ಹೊಲ ಇದ್ದವರೇ ಕೂಲಿಗೆ ಹೋಗುತ್ತಿದ್ದರು. ಹಂಪವ್ವ ಮಾರನೆಯ ದಿನ ಬೆಳಿಗ್ಗೆಯೇ ಸೆರಗು ಬಿಗಿದು ಕೆಳಗಿನೂರಿಗೆ ನಡೆದಳು. ಅಲ್ಲಿ ಒಬ್ಬ ಮೇಸ್ತ್ರಿ ಇದ್ದಾನೆ, ನೆಲವನ್ನು ಮಾತಾಡಿಸುತ್ತಾನೆ ಅಂತ ಅವಳು ಕೇಳಿದ್ದಳು. ಅವನೇ ಬುಡ್ನೇಸಾಬ.

ಈಗ ಬುಡ್ನೇಸಾಬ ಹೇಗಿದ್ದ ಅಂತ ಹೇಳಬೇಕು, ಹೇಳುವುದೇ ಕಷ್ಟ. ಕಂಬದಷ್ಟು ಎತ್ತರ ಇದ್ದ ಅಂತಾರೆ. ಸೈಕಲ್ಲಿನ ಪೆಡಲಿಗೆ ಕಾಲು ಎಟುಕದಷ್ಟು ಗಿಡ್ಡ ಇದ್ದ ಅಂತಾನೂ ಅಂತಾರೆ. ಖಾಕಿ ಅಂಗಿ, ಚೌಕಳಿ ಲುಂಗಿ, ಬಾಯಲ್ಲಿ ಬೀಡಿ, ಇಷ್ಟಕ್ಕೆ ಎಲ್ಲರದೂ ಒಪ್ಪಿಗೆ. ಮೊದಲು ಕರೆಂಟಿನ ಆಫೀಸಲ್ಲಿ ಕೆಲಸಕ್ಕಿದ್ದನಂತೆ. ಬಿಟ್ಟನೋ ಬಿಡಿಸಿದರೋ ತಿಳಿಯದು. ಅವನ ಬಾಯಿ ಕೇಳಿದವರು ಬಿಡಿಸಿಯೇ ಇರುತ್ತಾರೆ ಅನ್ನುತ್ತಿದ್ದರು. ಚಹಾ ಕೊಟ್ಟರೆ ಬೆಲ್ಲ ಹೆಚ್ಚಾಯಿತು ಅನ್ನುವವನು, ಕೊಡದಿದ್ದರೆ ಈ ಊರಲ್ಲಿ ಮನುಷ್ಯರಿಲ್ಲ ಅನ್ನುವವನು. ತನ್ನಷ್ಟು ನೆಲ ಬಲ್ಲವನು ಈ ಸೀಮೆಯಲ್ಲಿ ಹುಟ್ಟಿಲ್ಲ ಅಂತ ತಾನೇ ಹೇಳಿಕೊಂಡು ತಿರುಗುತ್ತಿದ್ದ. ಬೇರೆ ಯಾರೂ ಹುಟ್ಟದೆ ಇದ್ದುದರಿಂದ ಅದನ್ನು ಸುಳ್ಳೆನ್ನುವ ಹಾಗೂ ಇರಲಿಲ್ಲ.

ಅವನು ಸೈಕಲ್ಲಿನ ಹಿಂದೆ ಒಂದು ಮರದ ಪೆಟ್ಟಿಗೆ, ಕಬ್ಬಿಣದ ಗೂಟಗಳು, ಸುತ್ತಿದ ವಾಯರು ಕಟ್ಟಿಕೊಂಡು ಬಂದ. ಮೊದಲು ಗಿರಣಿಯ ಮೋಟರು ಬಿಚ್ಚಿ ಮೂಸಿ ನೋಡಿದ. ಒಳಗಿನ ತಂತಿಯ ಹೊದಿಕೆ ಅಲ್ಲಲ್ಲಿ ಸುಲಿದಿದೆ ಅಂದ. ಪಟ್ಟಿ ಸುತ್ತಿದ. ಇದು ಹಳೇ ಮೋಟರು, ಇಲ್ಲಿ ಮುಚ್ಚಿದರೆ ಅಲ್ಲಿ ಸೋರುತ್ತದೆ, ಸೋರಿದ ಕರೆಂಟು ಗಿರಣಿಯ ಮೈಗೆಲ್ಲ ಹರಡುತ್ತದೆ ಅಂದ. ಸೋರಿದ್ದು ನೆಲಕ್ಕೆ ಇಳಿದು ಹೋಗಬೇಕು, ಅದಕ್ಕೇ ಗಿರಣಿಯಿಂದ ನೆಲಕ್ಕೊಂದು ತಂತಿ ಇರುತ್ತದೆ, ನಿಮ್ಮ ತಂತಿ ಎಲ್ಲಿದೆ ಅಂತ ಕೇಳಿದ. ಹಂಪವ್ವ ತೋರಿಸಿದಳು. ತಂತಿ ಗೋಡೆಯ ಬುಡದಲ್ಲಿ ಒಂದು ಮೊಳೆಗೆ ಸುತ್ತಿತ್ತು. ಮೊಳೆ ಬಂಡೆಯ ಬಿರುಕಿನಲ್ಲಿ ಕೂತಿತ್ತು.

ಬುಡ್ನೇಸಾಬ ಆ ಮೊಳೆ ನೋಡಿ ನಕ್ಕ. ಊರಿಗೆ ನಗು ಯಾಕೆಂದು ತಿಳಿಯಲಿಲ್ಲ.

ಕರೆಂಟು ಬಂದ್ ಮಾಡಿಸಿ, ಗಿರಣಿಯಿಂದ ಬಿಚ್ಚಿದ ಆ ತಂತಿಗೆ ತನ್ನ ಪೆಟ್ಟಿಗೆಯ ಒಂದು ವಾಯರು ಕಟ್ಟಿದ. ಉಳಿದ ವಾಯರುಗಳನ್ನು ಎಳೆದುಕೊಂಡು ದೂರಕ್ಕೆ ಹೋಗಿ ಗೂಟ ಹೊಡೆಯಲು ನೋಡಿದ. ಸುತ್ತಿಗೆ ಠಣ್ ಅಂದು ಮೇಲಕ್ಕೆ ಬಂತು. ಆಗ ಒಂದು ಗೋಣಿಚೀಲ ತರಿಸಿ, ನೀರಲ್ಲಿ ಅದ್ದಿ, ಬಂಡೆಯ ಮೇಲೆ ಹಾಸಿ, ಗೂಟವನ್ನು ಅದರ ಮೇಲೆ ಮಲಗಿಸಿದ. ಜ್ವರ ಬಂದವರ ಹಣೆಗೆ ಹಾಕುವ ಹಾಗೆ ಊರಿನ ಹಣೆಗೆ ಒದ್ದೆ ಬಟ್ಟೆ ಹಾಕಿದ ಅಂತ ಇವತ್ತಿಗೂ ಹೇಳುತ್ತಾರೆ. ಆಮೇಲೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಹಿಡಿಕೆಯನ್ನು ಗರಗರ ತಿರುಗಿಸಿದ. ಗಾಜಿನೊಳಗೆ ಒಂದು ಮುಳ್ಳು ಎದ್ದು ನಡುಗಿ ನಿಂತಿತು.

ದೊಡ್ಡನಗೌಡರು ಎಷ್ಟು ಬಂತು ಅಂತ ಕೇಳಿದರು. ನೂರಾ ನಲವತ್ತು ಅಂದ.

ಕೆಳಗಿನೂರಿನ ಗಿರಣಿಗೆ ಎಷ್ಟು ಬಂದಿತ್ತು ಅಂತ ಒಬ್ಬರು ಕೇಳಿದರು. ಅಲ್ಲಿಯದು ಎರೆಮಣ್ಣು, ಮೂರು ಬಂದಿತ್ತು ಅಂದ.

ಊರಿಗೆ ಬಹಳ ಸಂತೋಷವಾಯಿತು ಅಂತಾರೆ. ಕೆಳಗಿನೂರಿನವರು ಎರೆಹೊಲ ಇದೆ ಅಂತ ಮೆರೆಯುತ್ತಿದ್ದರು, ಅವರ ಮಣ್ಣಿಗೆ ಬರೀ ಮೂರು, ನಮ್ಮ ಬಂಡೆಗೆ ನೂರಾ ನಲವತ್ತು. ಯಾರೋ ಮೇಸ್ತ್ರಿಗೆ ಚಹಾ ತರಲು ಓಡಿದರು. ಬುಡ್ನೇಸಾಬ ಬೀಡಿ ಕೆಳಗೆ ಹಾಕಿ, ಇದು ಸಾಲಿ ಪರೀಕ್ಷೆಯಲ್ಲ, ಇದು ನೆಲದ ಹಟದ ಲೆಕ್ಕ, ಹಟ ಹೆಚ್ಚಾದಷ್ಟೂ ಕೇಡು ಅಂದ. ಕರೆಂಟು ಬಂದು ನನ್ನ ಒಳಗ ಬಿಡು ಅಂತ ಕೇಳುತ್ತದೆ, ಎರೆಮಣ್ಣು ಬಾ ಅನ್ನುತ್ತದೆ, ನಿಮ್ಮ ಬಂಡೆ ಬಾಗಿಲು ಹಾಕಿಕೊಂಡು ಕೂರುತ್ತದೆ. ಒಳಗೆ ಹೋಗಲಾರದ ಕರೆಂಟು ಗಿರಣಿಯ ಮೈಮೇಲೆಯೇ ಕೂತಿರುತ್ತದೆ. ಯಾರಾದರೂ ಮುಟ್ಟಿದರೆ ಅವರ ಮೈಯಿಂದ ದಾರಿ ಮಾಡಿಕೊಳ್ಳುತ್ತದೆ. ಕಳಕಪ್ಪ ಹೋದದ್ದು ಹಾಗೆ ಅಂದ.

ಊರು ತಲೆಯಾಡಿಸಿತು. ಏನೂ ತಿಳಿಯಲಿಲ್ಲ. ಹೆಚ್ಚು ಬಂದರೆ ಕೆಟ್ಟದ್ದು, ಕಡಿಮೆ ಬಂದರೆ ಒಳ್ಳೆಯದು ಅನ್ನುವ ಲೆಕ್ಕವನ್ನು ಆ ಊರು ಅಲ್ಲಿಯತನಕ ಬಾಣಂತಿಯ ಜ್ವರದಲ್ಲಿ ಮಾತ್ರ ಕಂಡಿತ್ತು. ಚಹಾ ತಂದವನು ಕೊಡಬೇಕೋ ಬೇಡವೋ ತಿಳಿಯದೆ ತಾನೇ ಕುಡಿದ.

ಆಮೇಲೆ ಬುಡ್ನೇಸಾಬ ಕೇಳಿದ ಸಾಮಾನುಗಳಿಂದ ಗೊಂದಲ ಇನ್ನೂ ಹೆಚ್ಚಾಯಿತು. ಒಂದು ಆಳದ ಗುಂಡಿ ಬೇಕು ಅಂದ. ಒಂದು ಚೀಲ ಉಪ್ಪು, ಒಂದು ಚೀಲ ಇದ್ದಿಲು, ಒಂದು ತಾಮ್ರದ ತಗಡು. ಇದು ಯಾವ ಪೂಜೆ ಅಂತ ಅಯ್ಯನವರು ಕೇಳಿದರು. ಪೂಜೆಯಲ್ಲ ಅಂದ. ಮಂತ್ರ ಯಾವುದು ಅಂದರು. ಮಂತ್ರವಿಲ್ಲ ಅಂದ. ಹೊಟ್ಟೆಯೊಳಗೇ ಹೇಳಿಕೊಳ್ಳುತ್ತಾನೆ ಅಂತ ಜನ ತೀರ್ಮಾನಿಸಿದರು. ತಾಮ್ರ ಎಲ್ಲಿಂದ ಬರಬೇಕು? ಹಂಪವ್ವನ ಮನೆಯಲ್ಲಿ ತವರಿನವರು ಕೊಟ್ಟಿದ್ದ ತಾಮ್ರದ ಹಂಡೆಯೊಂದಿತ್ತು. ಅದರಲ್ಲೇ ನೀರು ಕಾಯಿಸಿ ಕಳಕಪ್ಪನಿಗೆ ಕೊನೆಯ ಸ್ನಾನ ಮಾಡಿಸಿದ್ದರು. ಅದನ್ನು ಕಂಬಾರರ ಕುಲುಮೆಗೆ ಕೊಂಡೊಯ್ದು ಬಡಿಸಿ ತಗಡು ಮಾಡಿಸಿದಳು. ಬಡಿಯುವಷ್ಟು ಹೊತ್ತೂ ಹೊರಗೆ ನಿಂತಿದ್ದಳಂತೆ.

ಗುಂಡಿಗೆ ಜಾಗ ಹುಡುಕಿದರೆ ಎಲ್ಲಿ ಹಾರೆ ಹಾಕಿದರೂ ಕಲ್ಲು. ಕೊನೆಗೆ ಗಿರಣಿಯ ಹಿಂದೆ, ಹಂಪವ್ವನ ಬಚ್ಚಲ ನೀರು ಹರಿದುಹೋಗಿ ನಿಲ್ಲುವ ಕಡೆ ಬಂಡೆಯೊಂದು ಬಿರುಕು ಬಿಟ್ಟು ಮೆದುಮಣ್ಣು ತುಂಬಿಕೊಂಡಿತ್ತು. ಅಲ್ಲಿ ತೋಡಿದರು. ತಗಡು ನಿಲ್ಲಿಸಿ, ಗಿರಣಿಯ ತಂತಿಯನ್ನು ಅದಕ್ಕೆ ಬಿಗಿದು, ಉಪ್ಪು ಇದ್ದಿಲು ಪದರ ಪದರವಾಗಿ ತುಂಬಿ ಮುಚ್ಚಿದರು. ಪೆಟ್ಟಿಗೆಯ ಮುಳ್ಳು ಐದಕ್ಕೆ ಇಳಿಯಿತು. ಬುಡ್ನೇಸಾಬ ಮೀಸೆ ತಿರುವಿದ. ನೋಡಿ, ಹಟಮಾರಿ ನೆಲವನ್ನು ಮಣಿಸುವವನು ನಾನೊಬ್ಬನೇ ಅಂದ. ಗಿರಣಿ ಸುಮ್ಮನಾಯಿತು. ಅಮಾವಾಸ್ಯೆ ಬಂತು, ಹೋಯಿತು, ಕೀಲಿ ಬೀಳಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ಹೇಳಲು ಏನೂ ಇರುತ್ತಿರಲಿಲ್ಲ.

ಊರು ಈಗ ತನ್ನದೇ ಒಂದು ಲೆಕ್ಕ ಹಾಕಿಕೊಂಡಿತು. ಗಿರಣಿಯಲ್ಲಿದ್ದ ಕಳಕಪ್ಪ ಈಗ ಗಿರಣಿಯಲ್ಲಿಲ್ಲ. ಹಾಗಾದರೆ ಎಲ್ಲಿದ್ದಾನೆ? ತಂತಿ ಹಿಡಿದುಕೊಂಡು ಹೋಗಿ ಗುಂಡಿಯೊಳಗೆ ಕೂತಿದ್ದಾನೆ. ಅಲ್ಲಿ ಯಾರೂ ಇಲ್ಲ, ಉಪ್ಪು ಇದ್ದಿಲು ಬಿಟ್ಟರೆ ಏನೂ ಇಲ್ಲ ಅಂತ ಬುಡ್ನೇಸಾಬ ಹೋಗುವಾಗ ಹೇಳಿದ್ದ. ಹಂಪವ್ವನಿಗೆ ಯಾರ ಮಾತು ನಂಬಬೇಕೋ ತಿಳಿಯಲಿಲ್ಲ. ಹಗಲು ಮೇಸ್ತ್ರಿಯ ಮಾತು ನಿಜ ಅನ್ನಿಸುತ್ತಿತ್ತು. ಸಂಜೆ ದೀಪ ಹಚ್ಚುವಾಗ ಊರಿನ ಮಾತು ನಿಜ ಅನ್ನಿಸುತ್ತಿತ್ತು. ಒಂದು ವೇಳೆ ಊರಿನ ಮಾತೇ ನಿಜವಾಗಿದ್ದರೆ? ತಾನು ದಿನಾ ಮಿಂದ ನೀರು, ಮುಸುರೆ ತೊಳೆದ ನೀರು, ಗಂಡನ ನೆತ್ತಿಯ ಮೇಲೆ ಹರಿಯುತ್ತಿದೆ ಅಂತಾಯಿತಲ್ಲ.

ಅವಳು ಬಚ್ಚಲ ನೀರಿನ ದಾರಿ ತಿರುಗಿಸಿದಳು. ಕಾಲುವೆ ಕಡಿದು ಆಚೆ ಬದಿಗೆ ಹರಿಸಿದಳು. ಊರವರೂ ಕೈ ಜೋಡಿಸಿದರು. ಗುಂಡಿಯ ಮೇಲೆ ಕಲ್ಲು ಹಾಸಿ ಗಾರೆ ಬಳಿದು ಕಟ್ಟೆ ಕಟ್ಟಿದರು. ಮಳೆ ಬೀಳಬಾರದೆಂದು ಮೇಲೆ ತಗಡಿನ ನೆರಳು ಮಾಡಿದರು. ಹಂಪವ್ವ ದಿನಾ ಬೆಳಿಗ್ಗೆ ಕಟ್ಟೆ ಗುಡಿಸಿ ರಂಗೋಲಿ ಹಾಕುತ್ತಿದ್ದಳು. ಅಷ್ಟು ಒಣಗಿದ, ಅಷ್ಟು ಚೊಕ್ಕಟವಾದ ಜಾಗ ಇಡೀ ಊರಿನಲ್ಲೇ ಇರಲಿಲ್ಲ ಅಂತಾರೆ.

ಬೇಸಿಗೆ ಬಂತು. ಒಂದು ಮಧ್ಯಾಹ್ನ ರೇಣವ್ವ ಹಿಟ್ಟು ತುಂಬುತ್ತ ಗಿರಣಿಗೆ ಮೊಣಕೈ ತಾಗಿಸಿದಳು. ಚೀಲದ ಸಮೇತ ಗೋಡೆಗೆ ಹೋಗಿ ಬಿದ್ದಳು. ಹಿಟ್ಟಿನಲ್ಲಿ ಬೆಳ್ಳಗಾಗಿ ಬಿದ್ದ ಮಗಳನ್ನು ಕಂಡು ಹಂಪವ್ವ ತೂಗುತ್ತಿದ್ದ ಬುಟ್ಟಿ ಬಿಟ್ಟು ಓಡಿದಳು. ಹುಡುಗಿ ಉಸಿರಾಡಿತು, ಎದ್ದು ಕೂತಿತು, ಯಾಕೆ ಎಲ್ಲರೂ ನೋಡುತ್ತಿದ್ದೀರಿ ಅಂತ ಕೇಳಿತು.

ಗೌಡರು ಬಂದರು. ಈ ಸಲ ಅಮಾವಾಸ್ಯೆಯ ಮಾತಿಲ್ಲ. ನಾಳೆಯೇ ಕೀಲಿ, ಮೋಟರು ಗುಜರಿಗೆ ಅಂದರು. ತಂದೆ ಮಗಳನ್ನೇ ಕರೆಯಲು ಬಂದಿದ್ದಾನೆ ಅಂತ ಹೆಂಗಸರು ಪಿಸುಗುಟ್ಟಿದರು. ಹಂಪವ್ವ ಅದನ್ನು ಕೇಳಿಸಿಕೊಂಡಳು. ಅಷ್ಟು ರಂಗೋಲಿ ಹಾಕಿಸಿಕೊಂಡ ಮನುಷ್ಯ ಹೀಗೆ ಮಾಡಿದನಾ ಅಂತ ಅವಳಿಗೆ ದುಃಖಕ್ಕಿಂತ ಸಿಟ್ಟು ಬಂತಂತೆ. ಆದರೂ ಬುಡ್ನೇಸಾಬನಿಗೆ ಹೇಳಿ ಕಳಿಸಿದಳು.

ಬುಡ್ನೇಸಾಬ ಮಾರನೆಯ ದಿನ ಬಂದ. ಊರೆಲ್ಲ ನೆರೆದಿತ್ತು, ಗೌಡರ ಕೈಯಲ್ಲಿ ಕೀಲಿ ಇತ್ತು. ಕರೆಂಟು ಬಂದ್ ಮಾಡಿಸಿ, ಗಿರಣಿಯಿಂದ ತಂತಿ ಬಿಚ್ಚಿ ಪೆಟ್ಟಿಗೆಗೆ ಕಟ್ಟಿ, ಬಂಡೆಗೆ ಒದ್ದೆ ಗೋಣಿ ಹಾಕಿ, ಹಿಡಿಕೆ ತಿರುಗಿಸಿದ. ಮುಳ್ಳು ಎದ್ದು ತೊಂಬತ್ತರ ಹತ್ತಿರ ನಿಂತಿತು. ಇನ್ನೊಮ್ಮೆ ತಿರುಗಿಸಿದ. ಅಷ್ಟೇ. ಪೆಟ್ಟಿಗೆಯನ್ನು ತಟ್ಟಿದ, ಅಲುಗಾಡಿಸಿದ, ಬೈದ. ಅವನ ಮುಖದಲ್ಲಿ ಅಂಥ ಗೊಂದಲ ಯಾರೂ ಕಂಡಿರಲಿಲ್ಲ ಅಂತಾರೆ. ತಾಮ್ರ ಇದೆ, ಉಪ್ಪು ಇದೆ, ಇದ್ದಿಲು ಇದೆ, ತಾನು ಕೈಯಾರೆ ಹಾಕಿದ್ದು. ಹಾಗಿದ್ದರೆ ನೆಲಕ್ಕೆ ಹಟ ಎಲ್ಲಿಂದ ಬಂತು?

ಒದ್ದೆ ಗೋಣಿಯನ್ನು ತಾನೇ ಹಾಕಿದವನಿಗೆ ಕಣ್ಣೆದುರಿನ ಒಣ ಕಟ್ಟೆ ಕಾಣಲಿಲ್ಲ. ಇದು ನನಗೆ ಇವತ್ತಿಗೂ ಅರ್ಥವಾಗದ ಸಂಗತಿ. ನೆಲ ಮಣಿದದ್ದು ತನ್ನ ಕೈಚಳಕಕ್ಕೆ ಅಂದುಕೊಂಡಿದ್ದ, ಬಚ್ಚಲ ನೀರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ, ಇರಬೇಕು. ಏನೂ ತೋಚದೆ ಇದ್ದಾಗ ಮನುಷ್ಯ ಮಾಡುವುದನ್ನೇ ಅವನೂ ಮಾಡಿದ. ಇನ್ನೊಬ್ಬರ ಮೇಲೆ ಹಾಕಿದ.

“ತಾಮ್ರ ತಗದೀ ಏನು ತಂಗಿ? ಖರೇ ಹೇಳು. ಮಾರಿದಿ ಹೌದಿಲ್ಲೋ?”

ಹಂಪವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ತವರಿನ ಹಂಡೆ ಬಡಿಸಿ ಕೊಟ್ಟಾಕಿ ನಾ. ನನ್ನ ಹಂಡೆ ನಾನ ಕದೀಲೇನು ಅಣ್ಣಾ?”

ಅಷ್ಟು ಹೇಳಿ ಒಳಗೆ ಹೋಗಿ ಹಾರೆ ತಂದಳು. ಏನು ಮಾಡುತ್ತಾಳೆ ಅಂತ ತಿಳಿಯುವ ಮೊದಲೇ ಕಟ್ಟೆಯ ಮೇಲೆ ಮೊದಲ ಏಟು ಬಿತ್ತು. ಅಯ್ಯನವರು ಬ್ಯಾಡವ್ವ, ಅಪಚಾರ ಅಂದರು. ಗೌಡರು ಹಿಡಿಯಿರಿ ಅವಳನ್ನು ಅಂದರು, ಯಾರೂ ಹಿಡಿಯಲು ಮುಂದೆ ಬರಲಿಲ್ಲ. ಗಾರೆ ಒಡೆಯಿತು, ಕಲ್ಲು ಸರಿಯಿತು. ಕೆಳಗೆ ಮಣ್ಣು ಬೂದಿಯ ಹಾಗಾಗಿತ್ತು. ಹಂಪವ್ವ ಎರಡೂ ಕೈಯಿಂದ ಗೋರಿದಳು, ಧೂಳೆದ್ದು ಎಲ್ಲರೂ ಕೆಮ್ಮಿದರು. ಇದ್ದಿಲು ಪುಡಿಪುಡಿ, ಉಪ್ಪು ಒಣಗಿ ಹೆಪ್ಪುಗಟ್ಟಿ ನಿಂತಿತ್ತು. ಅದರ ನಡುವೆ ತಗಡು ನಿಂತಿತ್ತು, ತಂತಿ ಬಿಗಿದೇ ಇತ್ತು.

ಇದು ನಿನ್ನ ಹಂಡೆಯದೇ ತಗಡು ಅಂತ ಏನು ಸಾಕ್ಷಿ ಅಂತ ಗುಂಪಿನಲ್ಲಿ ಯಾರೋ ಅಂದರು. ಯಾರು ಅಂತ ಹೇಳುವುದಿಲ್ಲ, ಅವರ ಮೊಮ್ಮಕ್ಕಳು ಇದ್ದಾರೆ. ತಗಡಿನ ಮೇಲೆ ತವರಿನವರು ಕೊರೆಸಿದ ಹೆಸರಿತ್ತು, ಧೂಳಲ್ಲಿ ಕಾಣುತ್ತಿರಲಿಲ್ಲ. ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ. ನೀರು ತಾ ಅಂತ ಮಗಳನ್ನು ಕೂಗಿದಳು. ರೇಣವ್ವ ಗಾಬರಿಯಲ್ಲಿ ಕೈಗೆ ಸಿಕ್ಕ ಮುಸುರೆಯ ಕೊಡವನ್ನೇ ಎತ್ತಿಕೊಂಡು ಓಡಿ ಬಂದಳು. ಹಂಪವ್ವ ನೋಡಲೂ ಇಲ್ಲ, ಇಡೀ ಕೊಡ ಸುರಿದಳು. ಧೂಳು ಇಳಿಯಿತು. ಯಲ್ಲಪ್ಪನ ಮಗಳು ಹಂಪವ್ವ ಅನ್ನುವ ಅಕ್ಷರ ಕಂಡವು.

“ಓದು” ಅಂತ ಮೇಸ್ತ್ರಿಗೆ ಅಂದಳು.

ಊರೆಲ್ಲ ಬಗ್ಗಿ ಹೆಸರು ಓದುತ್ತಿತ್ತು. ಬುಡ್ನೇಸಾಬ ಓದಲಿಲ್ಲ. ಅವನ ಕೈ ಅಭ್ಯಾಸದಿಂದ ಹಿಡಿಕೆ ತಿರುಗಿಸುತ್ತಲೇ ಇತ್ತು, ಅವನು ಮುಳ್ಳನ್ನೇ ನೋಡುತ್ತಿದ್ದ. ತೊಂಬತ್ತರಲ್ಲಿದ್ದ ಮುಳ್ಳು ನಡುಗಿತು. ಎಂಬತ್ತು, ಅರವತ್ತು ಅಂತ ಮೆಲ್ಲಗೆ ಇಳಿಯತೊಡಗಿತು.

“ಇನ್ನೊಂದು ಕೊಡ ಹಾಕ್ರಿ” ಅಂದ.

ಹಾಕಿದರು. ಇನ್ನೊಂದು ಹಾಕಿದರು. ಒಣಗಿದ ಗುಂಡಿ ಸುರಿದಷ್ಟೂ ಕುಡಿಯಿತು. ಮುಳ್ಳು ಇಳಿದೇ ಇಳಿಯಿತು. ನಾಲ್ಕಕ್ಕೆ ಬಂದು ನಿಂತಿತು ಅಂತ ಕೆಲವರು. ಸೊನ್ನೆಗಿಂತ ಕೆಳಗೆ ಹೋಗಿ ಪೆಟ್ಟಿಗೆ ಒಡೆಯಿತು ಅಂತ ಇನ್ನು ಕೆಲವರು. ನಾನು ನಾಲ್ಕನ್ನು ನಂಬುತ್ತೇನೆ.

ಬುಡ್ನೇಸಾಬ ಎದ್ದು ನಿಂತ. ತಾಮ್ರ ಇದ್ದು ಉಪ್ಪು ಇದ್ದು ಏನು ಮಾಡುತ್ತದೆ, ನೀರು ಇಲ್ಲದಿದ್ದರೆ ಉಪ್ಪೂ ಕಲ್ಲೇ, ಮಣ್ಣೂ ಕಲ್ಲೇ, ಬಚ್ಚಲ ನೀರು ನಿಲ್ಲಿಸಿ ನೆರಳು ಮಾಡಿ ನೆಲದ ಬಾಯಿ ಒಣಗಿಸಿದ್ದೀರಿ, ನನಗೂ ಹೊಳೆಯಲಿಲ್ಲ ಅಂದ. ನನಗೂ ಹೊಳೆಯಲಿಲ್ಲ ಅನ್ನುವ ಮಾತು ಆ ಬಾಯಿಂದ ಬಂದದ್ದು ಅದೊಂದೇ ಸಲ ಅಂತಾರೆ. ಆಮೇಲೆ ಹಂಪವ್ವನ ಕಡೆ ತಿರುಗಿ, ಕಳ್ಳತನದ ಮಾತು ಆಡಬಾರದಿತ್ತು, ತಪ್ಪಾಯಿತು ತಂಗಿ ಅಂದ.

ಅವಳು ಆ ಮಾತು ಕೇಳಿಸಿಕೊಂಡಳೋ ಇಲ್ಲವೋ. ಒದ್ದೆ ಕೆಸರಿನಲ್ಲಿ ಮೊಣಕಾಲೂರಿ ಕೂತಿದ್ದಳು. ಗುಂಡಿಯ ತಳತನಕ ತಾನೇ ಗೋರಿ ನೋಡಿದ್ದಳಲ್ಲ. ಅಲ್ಲಿ ಉಪ್ಪು, ಇದ್ದಿಲು, ತನ್ನ ಹೆಸರು. ಬೇರೆ ಯಾರೂ ಇರಲಿಲ್ಲ.

“ಹಂಗಾದ್ರ ಅವ್ರು ಎಲ್ಲಿ ಹ್ವಾದ್ರು?” ಅಂತ ಕೇಳಿದಳು.

ಬುಡ್ನೇಸಾಬ ಪೆಟ್ಟಿಗೆ ನೋಡಿದ, ನೆಲ ನೋಡಿದ.

“ಅದನ್ನ ನನ್ನ ಪೆಟ್ಟಿಗಿ ಹೇಳೂದಿಲ್ಲವ್ವ” ಅಂದ.

ಆದರೆ ಗೌಡರ ಕೈಯಲ್ಲಿ ಕೀಲಿ ಇನ್ನೂ ಇತ್ತು. ಮುಳ್ಳು ಇಳಿದರೆ ಆಯಿತೇ, ಗಿರಣಿ ಮುಟ್ಟುವವರು ಯಾರು ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಬುಡ್ನೇಸಾಬ ತಂತಿ ಮತ್ತೆ ಗಿರಣಿಗೆ ಬಿಗಿದ, ಮಣ್ಣು ಎಳೆದು ಗುಂಡಿ ಮುಚ್ಚಿದ, ಮತ್ತೆ ನೀರು ಹಾಕಿಸಿದ, ಕರೆಂಟು ಹಾಕಿಸಿ ಗಿರಣಿ ಚಾಲೂ ಮಾಡಿದ. ಚಪ್ಪಲಿ ಬಿಟ್ಟ. ಹಂಪವ್ವನ ಮಣೆಯನ್ನು ಕಾಲಿನಿಂದ ಆಚೆ ನೂಕಿ ಬರಿಯ ನೆಲದ ಮೇಲೆ ನಿಂತ. ಮೊದಲು ಅಂಗೈ ಇಡಲಿಲ್ಲ, ಕೈ ತಿರುಗಿಸಿ ಬೆರಳಿನ ಹಿಂಬದಿ ತಾಗಿಸಿದ. ಅಂಗೈ ಇಟ್ಟರೆ ಕರೆಂಟು ಕೈಯನ್ನು ಮುಷ್ಟಿ ಮಾಡಿಸಿ ಹಿಡಿದಿಟ್ಟುಕೊಳ್ಳುತ್ತದೆ, ಹಿಂಗೈಯಾದರೆ ಕೊಡವಿ ದೂಡುತ್ತದೆ. ಕಳಕಪ್ಪನಿಗೆ ಇದನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲ. ಏನೂ ಆಗಲಿಲ್ಲ. ಆಮೇಲೆ ಅಂಗೈ ಇಟ್ಟ, ಆಮೇಲೆ ಎರಡೂ ಕೈ ಇಟ್ಟು ಗಿರಣಿಯನ್ನು ತಬ್ಬಿಕೊಂಡೇ ನಿಂತ. ಒಂದು ಚೀಲ ಜೋಳ ಬೀಸಿ ಮುಗಿಯುವತನಕ ನಿಂತಿದ್ದ ಅಂತಾರೆ. ಹಿಟ್ಟು ಬಿದ್ದು ಮೀಸೆ ಬೆಳ್ಳಗಾಯಿತು, ಆಮೇಲೆ ಅದು ಕಪ್ಪಾಗಲೇ ಇಲ್ಲ ಅಂತಾನೂ ಅಂತಾರೆ.

ಗೌಡರಿಗೆ ಇನ್ನೂ ಅನುಮಾನ. ಅವನು ಮಂತ್ರ ಬಲ್ಲವನು, ಅವನಿಗೆ ಆಗಲಿಲ್ಲ ಅಂದರೆ ಊರಿಗೂ ಆಗುವುದಿಲ್ಲ ಅಂತ ಹೇಗೆ ನಂಬುವುದು ಅಂದರು. ಆಗ ಗುಂಪಿನ ಹಿಂದಿನಿಂದ ಅವರ ಸೊಸೆಯೇ ಬಂದಳು. ಅವತ್ತು ಹಾರಿ ಬಿದ್ದವಳು. ಸೊಂಟದ ಮೇಲೆ ಕೂಸು, ತಲೆಯ ಮೇಲೆ ಬುಟ್ಟಿ. ಕೂಸನ್ನು ರೇಣವ್ವನ ಕೈಗೆ ಕೊಟ್ಟು, ಮಾವನವರ ಮುಂದೆಯೇ ಸೆರಗು ಸರಿಮಾಡಿಕೊಂಡು, ಹಿಂಗೈ ತಾಗಿಸಿ ನೋಡಿ, ಬುಟ್ಟಿ ಎತ್ತಿ ಕಾಳು ಸುರಿದಳು.

“ಬೀಸೂ ಕಲ್ಲು ಹಿಡದು ಹಿಡದು ಅಂಗೈಯಾಗ ಗುಳ್ಳಿ ಎದ್ದಾವ ಮಾವಾರ. ನಮ್ಮನಿ ಹಿಟ್ಟು ಇಲ್ಲೇ ಆಗಲಿ.”

ಗೌಡರು ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಜಗಳ ಅಲ್ಲಿಗೂ ಮುಗಿಯಲಿಲ್ಲ. ಇನ್ನು ಮೇಲೆ ಗುಂಡಿಗೆ ದಿನಾ ನೀರು ಬೇಕು, ಸರಿ. ಯಾವ ನೀರು? ಅಯ್ಯನವರು ಬಾವಿಯ ನೀರು, ಅದೂ ಮಡಿಯಲ್ಲಿ ಅಂದರು. ನೆಲಕ್ಕೆ ಮಡಿ ಮೈಲಿಗೆ ತಿಳಿಯದು, ಬಚ್ಚಲ ನೀರಾದರೂ ಸರಿ ಅಂತ ಬುಡ್ನೇಸಾಬ. ಸತ್ತವನ ಜಾಗಕ್ಕೆ ಮುಸುರೆಯೇ ಅಂತ ಹಿರಿಯರು. ಅಲ್ಲಿ ಸತ್ತವನಿಲ್ಲ ಅಂತ ಮೇಸ್ತ್ರಿ. ಇಲ್ಲ ಅಂತ ನಿನ್ನ ಪೆಟ್ಟಿಗೆಯೂ ಹೇಳಲಿಲ್ಲವಲ್ಲ ಅಂತ ಹಿರಿಯರು. ಮಾತು ಸುತ್ತುತ್ತಲೇ ಇತ್ತು. ಹಂಪವ್ವ ಅಷ್ಟರಲ್ಲಿ ಸಲಿಕೆ ತಗೊಂಡು ಹೋಗಿ ಬಚ್ಚಲ ಕಾಲುವೆಯನ್ನು ಮೊದಲಿನ ಕಡೆಗೇ ತಿರುಗಿಸಿ ಬಂದಿದ್ದಳು.

“ಇದ್ದಾಗ ನನ್ನ ಗಂಡ ನಾ ಮಿಂದ ನೀರಿಗೆ ಹೇಸಿಕೊಂಡಾವ ಅಲ್ಲ” ಅಂದಳು. “ಈಗ್ಯಾಕ ಹೇಸ್ಕೋತಾನ?”

ಹಿರಿಯರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಮನೆಯ ದಾರಿ ಹಿಡಿದರು.

ಹಂಪವ್ವ ಮುದುಕಿಯಾಗುವತನಕ ಗಿರಣಿ ನಡೆಸಿದಳು, ಆಮೇಲೆ ರೇಣವ್ವ ನಡೆಸಿದಳು. ಬುಡ್ನೇಸಾಬ ಸೈಕಲ್ ಹತ್ತಿ ಹೋದ. ಎಲ್ಲಿ ಸತ್ತ, ಎಲ್ಲಿ ಮಣ್ಣು ಮಾಡಿದರು, ತಿಳಿಯದು. ಗೋರಿ ನಮ್ಮಲ್ಲಿದೆ ಅಂತ ಹೇಳಿಕೊಳ್ಳುವ ಊರುಗಳನ್ನು ನಾನೇ ಕಂಡಿದ್ದೇನೆ. ಅವನು ಸಾಯಲಿಲ್ಲ, ತಂತಿ ಹಿಡಿದು ನೆಲಕ್ಕೆ ಇಳಿದ ಅನ್ನುವವರನ್ನೂ ಕಂಡಿದ್ದೇನೆ. ಅವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಆ ಸೀಮೆಯಲ್ಲಿ ಈಗಲೂ ಹೊಸ ಮನೆಗೆ ಕರೆಂಟು ಎಳೆಸಿದರೆ ಗೋಡೆಯ ಬುಡದ ಗುಂಡಿಗೆ ಮನೆಯಾಕೆ ಒಂದು ಹಿಡಿ ಉಪ್ಪು ಹಾಕಿ, ಒಂದು ಕೊಡ ನೀರು ಸುರಿದ ಮೇಲೆಯೇ ದೀಪ ಹಾಕುತ್ತಾರೆ. ಗುಂಡಿಯ ಮೇಲೆ ಯಾರೂ ಕಟ್ಟೆ ಕಟ್ಟುವುದಿಲ್ಲ, ನೆರಳು ಮಾಡುವುದಿಲ್ಲ. ಕೆಸರಾಗಿರುತ್ತದೆ, ನಾಯಿ ಮಲಗಿರುತ್ತದೆ, ಯಾರೂ ಓಡಿಸುವುದಿಲ್ಲ. ಫ್ರಿಜ್ಜು ತಂದರೂ ಪಂಪು ತಂದರೂ ಮೊದಲು ಹಿಂಗೈ ತಾಗಿಸಿ ನೋಡುತ್ತಾರೆ. ಹಸೆಯ ಮೇಲೆ ಕೂತ ಮದುಮಗನ ಕೆನ್ನೆಯನ್ನೂ ಅಜ್ಜಿಯರು ಹಿಂಗೈಯಿಂದಲೇ ಮುಟ್ಟುತ್ತಾರೆ. ಯಾಕೆ ಅಂದರೆ ಹಾಗೇ ಅಂತಾರೆ. ಬೇಸಿಗೆಯಲ್ಲಿ ನಲ್ಲಿಗೆ ನೀರು ಬಂದರೆ, ಕುಡಿಯುವ ಕೊಡ ತುಂಬುವ ಮೊದಲು ಒಂದು ಚರಿಗೆ ಗುಂಡಿಗೆ ಹೋಗುತ್ತದೆ.

ಈ ನೀರು ಯಾರಿಗೆ ಅಂತ ನಾನು ಒಬ್ಬಾಕೆಯನ್ನು ಕೇಳಿದೆ. ಬುಡ್ನೇಸಾಬಗ ಅಂದಳು. ಪಕ್ಕದವಳು ಅಲ್ಲ, ಕಳಕಪ್ಪಗ ಅಂದಳು. ಇಬ್ಬರೂ ಅಲ್ಲ, ನೆಲಕ್ಕ ಅಂತ ಒಳಗಿನಿಂದ ಒಂದು ಮುದಿ ಧ್ವನಿ ಬಂತು. 

ನಾನು ಇನ್ನೂ ಏನೋ ಕೇಳಲು ಹೊರಟೆ. ಮೊದಲಿನವಳು ನನ್ನ ಕೈಗೆ ಚರಿಗೆ ಕೊಟ್ಟಳು.

“ಮದಲ ನೀರು ಹಾಕ್ರಿ ಅಕ್ಕಾರ. ಆಮ್ಯಾಲ ಕೇಳೂವಂತ್ರಿ.”